ಕಾಯಕವೂ ಕಟ್ಟುಬಿದ್ದ ದುಡಿಮೆಯೂ: ಮಲ ಹೊರುವ ಪದ್ಧತಿಯ ನಿರ್ಮೂಲನೆ – ಒಂದು ಅಧ್ಯಯನ

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಲೋಕಕ್ಕೆ ನೀಡಿದ ತತ್ತ್ವಗಳಲ್ಲಿ ಕಾಯಕ ತತ್ತ್ವಕ್ಕೆ ಅಗ್ರಸ್ಥಾನವಿದೆ. ಸತ್ಯಶುದ್ಧವಾದ ಯಾವ ದುಡಿಮೆಯೂ ಕೀಳಲ್ಲ, ದುಡಿಯುವವನು ಯಾರಿಗೂ ಕಡಿಮೆಯಲ್ಲ ಎಂಬ ಅವರ ನಿಲುವನ್ನು ಸಭೆ ಸಮಾರಂಭಗಳಲ್ಲಿ ಕೇಳದವರು ವಿರಳ. ಆದರೆ ಶ್ರೇಷ್ಠ ತತ್ತ್ವಗಳಿಗೆ ಒಂದು ಅಪಾಯವೂ ಉಂಟು. ಅನ್ಯರ ಸಂಕಟವನ್ನು ಕಂಡು ಸುಮ್ಮನಿರುವುದಕ್ಕೆ ಅವು ನೆಪವಾಗಿ ಬಳಕೆಯಾಗಬಹುದು. ಊರಿನ ಮಲವನ್ನು ಬರಿಗೈಯಿಂದ ಬಳಿದು ತಲೆಯ ಮೇಲೆ ಹೊತ್ತು ಸಾಗಿಸುವುದೂ ಒಂದು ಕಾಯಕವೇ ಅಲ್ಲವೇ ಎಂಬ ಪ್ರಶ್ನೆ ಸಜ್ಜನರ ಬಾಯಿಂದಲೂ ಬರುವುದುಂಟು. ಆ ಪ್ರಶ್ನೆಗೆ ಶರಣ ಪರಂಪರೆಯಲ್ಲಿ ಯಾವ ಉತ್ತರವಿದೆ, ಆ ಪದ್ಧತಿಯನ್ನು ತೊಡೆದುಹಾಕಲು ಹೊರಟವರು ಯಾವ ಮಾರ್ಗದಲ್ಲಿ ನಡೆದರು, ಇದರಲ್ಲಿ ವಿದ್ಯಾಸಂಸ್ಥೆಗಳ ಹೊಣೆಯೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಾಯಕದ ಲಕ್ಷಣಗಳು

ಶರಣರ ಚರಿತ್ರೆಗಳನ್ನು ಗಮನವಿಟ್ಟು ಓದಿದರೆ ಕಾಯಕಕ್ಕೆ ನಾಲ್ಕು ಲಕ್ಷಣಗಳಿರುವುದು ಕಂಡುಬರುತ್ತದೆ.

ಮೊದಲನೆಯದು, ಅದನ್ನು ಮನಸಾರೆ ಒಪ್ಪಿ ಕೈಗೊಂಡಿರಬೇಕು. ಶಿವಶರಣೆ ಸತ್ಯಕ್ಕನದು ಅಂಗಳ ಗುಡಿಸುವ ಕಾಯಕ. ಅದನ್ನು ಆಕೆ ಭಕ್ತಿಯಿಂದ ವ್ರತವಾಗಿ ಸ್ವೀಕರಿಸಿದಳು. ಬೇರೆ ಗತಿಯಿಲ್ಲದೆ ಆಕೆಯ ಕೈಗೆ ಯಾರೂ ಪೊರಕೆ ಕೊಡಲಿಲ್ಲ.

ಎರಡನೆಯದು, ಕಾಯಕದ ನಿಯಮ ಎಲ್ಲರಿಗೂ ಸಮಾನವಾದುದು. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ ಗುರುವಾಗಲಿ, ಜಂಗಮನಾಗಲಿ, ಕಡೆಗೆ ಲಿಂಗವೇ ಆಗಲಿ ಕಾಯಕದಿಂದ ವಿನಾಯಿತಿ ಪಡೆಯಲಾರದು ಎಂಬ ನಿಷ್ಠುರ ನಿಲುವಿನವನು. ಕೆಲವರಿಗೆ ಮಾತ್ರ ಬಂಧನವಾಗಿ ಉಳಿದವರಿಗೆ ಉಪದೇಶವಾಗುವುದು ಅವನ ದೃಷ್ಟಿಯಲ್ಲಿ ಕಾಯಕವಾಗಲಾರದು.

ಮೂರನೆಯದು, ಕಾಯಕದ ಫಲ ದುಡಿದವನ ಸಂಸಾರವನ್ನು ಗೌರವದಿಂದ ಸಲಹಿ ದಾಸೋಹಕ್ಕೂ ಒದಗಬೇಕು. ನಿತ್ಯದ ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಪತಿ ಮಾರಯ್ಯನನ್ನು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಪ್ರಸಂಗ ಪ್ರಸಿದ್ಧವಾದುದು. ಬೇಡವೆನ್ನುವ ಈ ಸ್ವಾತಂತ್ರ್ಯ ಸ್ವಾಭಿಮಾನದ ದುಡಿಮೆಯಿಂದಲೇ ಬರತಕ್ಕದ್ದು. ಹಿತ್ತಿಲ ಬಾಗಿಲಲ್ಲಿ ನಿಂತು ತಂಗಳು ರೊಟ್ಟಿ ಬೇಡುವವರಿಗೆ ಅದು ಲಭ್ಯವಿಲ್ಲ.

ನಾಲ್ಕನೆಯದು, ಕಾಯಕ ಮಾಡಿದವನಿಗೆ ಸಭೆಯಲ್ಲಿ ಸಮಾನ ಪೀಠವಿತ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಇವರೆಲ್ಲ ಶರಣಗಣದಲ್ಲಿ ಪೂಜ್ಯರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ವಿವಾಹಕ್ಕಾಗಿ ಕಲ್ಯಾಣವೇ ಅಲ್ಲೋಲಕಲ್ಲೋಲವಾಯಿತೆಂದು ಪರಂಪರೆ ಹೇಳುತ್ತದೆ. ಆ ಸಮಾನತೆ ಬರಿಯ ಮಾತಿನದಾಗಿದ್ದರೆ ಯಾರೂ ಅದಕ್ಕೆ ಪ್ರಾಣ ತೆರಬೇಕಾಗಿರಲಿಲ್ಲ.

ಈಗ ಮಲ ಹೊರುವ ಕೆಲಸವನ್ನು ಈ ನಾಲ್ಕು ಲಕ್ಷಣಗಳ ಎದುರು ಇಟ್ಟು ನೋಡಬಹುದು. ಅದನ್ನು ಯಾರೂ ಆಯ್ದುಕೊಂಡವರಲ್ಲ. ಜಾತಿ ಅದನ್ನು ಹಣೆಗೆ ಕಟ್ಟಿತು. ಅದು ಎಲ್ಲರಿಗೂ ಹಂಚಿಹೋದುದಲ್ಲ. ಅದರ ಪ್ರತಿಫಲ ಅನ್ನಕ್ಕೂ ಸಾಲದು. ಅದನ್ನು ಮಾಡಿದವರಿಗೆ ಪೀಠವಿರಲಿ, ಚಹದಂಗಡಿಯ ಬೆಂಚಿನ ಮೇಲೂ ಸ್ಥಳವಿರಲಿಲ್ಲ. ಆದ್ದರಿಂದ ಅದು ಕಾಯಕವಲ್ಲ, ಕಟ್ಟುಬಿದ್ದ ದುಡಿಮೆ. ಅದನ್ನು ಕಾಯಕವೆಂದು ಕರೆಯುವುದು ಶರಣರಿಗೂ ಆ ದುಡಿಮೆಯಲ್ಲಿ ನವೆದವರಿಗೂ ಮಾಡುವ ಅಪಚಾರ. ಜಾತಿಪದ್ಧತಿ ದುಡಿಮೆಯ ವಿಭಜನೆ ಮಾತ್ರವಲ್ಲ, ದುಡಿಯುವವರನ್ನೇ ವಿಭಜಿಸಿಟ್ಟ ವ್ಯವಸ್ಥೆ ಎಂದು ಡಾ. ಬಿ. ಆರ್. ಅಂಬೇಡ್ಕರರು 1936ರಲ್ಲಿ ಪ್ರತಿಪಾದಿಸಿದ ವಿಚಾರಕ್ಕೂ ಶರಣರ ನಿಲುವಿಗೂ ಇಲ್ಲಿ ಹೊಂದಾಣಿಕೆಯಿದೆ.

ಪದ್ಧತಿಯ ಸ್ವರೂಪ

ನೀರಿನ ಸೌಕರ್ಯವಿಲ್ಲದ ಒಣ ಕಕ್ಕಸುಗಳು ಈ ಪದ್ಧತಿಯ ಮೂಲ. ಮನೆಯ ಹಿಂಬದಿಯ ಸಣ್ಣ ಗಲ್ಲಿಯಿಂದ ಬಂದು, ಪೊರಕೆ ಮತ್ತು ತಗಡಿನ ತುಂಡಿನಿಂದ ಮಲವನ್ನು ಬಳಿದು, ಬುಟ್ಟಿಗೋ ಬಕೆಟ್ಟಿಗೋ ತುಂಬಿ, ತಲೆ ಅಥವಾ ಸೊಂಟದ ಮೇಲೆ ಹೊತ್ತು ಊರಾಚೆ ಚೆಲ್ಲಬೇಕು. ಮಳೆಗಾಲದಲ್ಲಿ ಬುಟ್ಟಿಯಿಂದ ಸೋರುವುದು ಹೊತ್ತವರ ಮುಖದ ಮೇಲೆಯೇ ಇಳಿಯುತ್ತದೆ. ಮನೆಗಳ ಕಕ್ಕಸು ಬಳಿಯುವವರಲ್ಲಿ ಬಹುಪಾಲು ಸ್ತ್ರೀಯರು. ಸೊಸೆಯಾಗಿ ಬಂದವಳಿಗೆ ಅತ್ತೆ ತಾನು ಬಳಿಯುತ್ತಿದ್ದ ಮನೆಗಳನ್ನು ವಹಿಸಿಕೊಡುವ ರೂಢಿ ಉತ್ತರ ಭಾರತದ ಹಲವು ಪಟ್ಟಣಗಳಲ್ಲಿತ್ತು.

ಈ ಪದ್ಧತಿ ಕೇವಲ ಪುರಾತನ ರೂಢಿಯ ಶೇಷವೆಂದು ಭಾವಿಸುವುದು ಸರಿಯಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಪುರಸಭೆ, ದಂಡು ಪ್ರದೇಶ, ರೈಲ್ವೆಗಳು ಬೆಳೆದಂತೆ ಈ ಕೆಲಸಕ್ಕೆ ಸರ್ಕಾರಿ ಹುದ್ದೆಗಳೇ ನಿರ್ಮಾಣವಾದವು, ಆ ಹುದ್ದೆಗಳಿಗೆ ಗೊತ್ತಾದ ಜಾತಿಗಳವರನ್ನೇ ತುಂಬಲಾಯಿತು. ಆಧುನಿಕತೆ ಇಲ್ಲಿ ಜಾತಿಯನ್ನು ಸಡಿಲಗೊಳಿಸುವ ಬದಲು ಅದಕ್ಕೆ ಹಾಜರಿ ಪುಸ್ತಕವನ್ನು ಒದಗಿಸಿತು.

ಸುಧಾರಣೆಯ ಮೊದಲ ಹೆಜ್ಜೆಗಳು

1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಮಹಾತ್ಮ ಗಾಂಧಿಯವರು ಸ್ವತಃ ಪೊರಕೆ ಹಿಡಿದು ಕಕ್ಕಸು ಶುಚಿಮಾಡಿದುದು ವಿದಿತವಾಗಿಯೇ ಇದೆ. ಮೇಲ್ಜಾತಿಗಳ ಮನಃಪರಿವರ್ತನೆಗೆ ಅದು ನಾಂದಿಯಾಯಿತು. ಆದರೆ ಕೆಲಸವನ್ನು ಪವಿತ್ರವೆಂದು ಹೊಗಳುವುದರಿಂದ ಅದನ್ನು ಮಾಡುವವರ ಬಿಡುಗಡೆಯಾಗದು ಎಂಬ ಅಂಬೇಡ್ಕರರ ಎಚ್ಚರಿಕೆಯನ್ನೂ ಅದರೊಡನೆ ಸ್ಮರಿಸಬೇಕು.

ಸ್ವಾತಂತ್ರ್ಯಾನಂತರ 1949ರಲ್ಲಿ ಮುಂಬಯಿ ಸರ್ಕಾರ ಬರ್ವೆ ಸಮಿತಿಯನ್ನು ನೇಮಿಸಿತು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಪ್ರಾಂತಗಳು ಆಗ ಆ ರಾಜ್ಯಕ್ಕೇ ಸೇರಿದ್ದವು. 1957ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಮಲ್ಕಾನಿ ಸಮಿತಿ ತಲೆಯ ಮೇಲೆ ಮಲ ಹೊರುವುದನ್ನು ಕೊನೆಗಾಣಿಸುವ ಯೋಜನೆಯನ್ನು ಮುಂದಿಟ್ಟಿತು. ಕರ್ನಾಟಕದಲ್ಲಿ 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದಲಿತ ಸಮುದಾಯದಿಂದ ಬಂದ ಮಂತ್ರಿಯೊಬ್ಬರ ಈ ಕ್ರಮ ಇಡೀ ದೇಶಕ್ಕೆ ಮಾದರಿಯಾಯಿತು. 1976ರಲ್ಲಿ ಸಂಸತ್ತು ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯನ್ನು ತಿದ್ದಿ, ಅಸ್ಪೃಶ್ಯತೆಯ ಆಧಾರದ ಮೇಲೆ ಯಾರನ್ನಾದರೂ ಮಲ ಬಳಿಯುವ ಕೆಲಸಕ್ಕೆ ಒತ್ತಾಯಿಸುವುದನ್ನು ಅಪರಾಧವನ್ನಾಗಿ ಮಾಡಿತು.

ಆದರೂ ಪದ್ಧತಿ ಅಳಿಯಲಿಲ್ಲ. ಅದು ಎಲ್ಲಿ ಬೇರು ಬಿಟ್ಟಿತ್ತೆಂಬುದನ್ನು ಅರಿಯಲು ಕರ್ನಾಟಕದ್ದೇ ಆದ ಒಂದು ಊರನ್ನು ನೋಡಬಹುದು.

ಚಿನ್ನದ ಗಣಿಯ ನೆರಳಿನಲ್ಲಿ

ಕೋಲಾರದ ಚಿನ್ನದ ಗಣಿ ಪ್ರದೇಶ ಭಾರತದ ಕೈಗಾರಿಕಾ ಇತಿಹಾಸದಲ್ಲಿ ಹೆಸರಾದುದು. 1902ರಲ್ಲಿ ಶಿವನಸಮುದ್ರದಿಂದ ಬಹುದೂರ ತಂತಿಗಳ ಮೂಲಕ ಹರಿದು ಬಂದ ವಿದ್ಯುತ್ತು ಆ ಗಣಿಗಳನ್ನು ಬೆಳಗಿಸಿತು. ಭೂಮಿಯ ಆಳಕ್ಕೆ ಮೈಲಿಗಟ್ಟಲೆ ಇಳಿಯುವ ಯಂತ್ರಗಳು ಅಲ್ಲಿದ್ದವು. ಅದೇ ಊರಿನ ಕಾರ್ಮಿಕರ ವಸತಿಸಾಲುಗಳಲ್ಲಿ, ಅದಾಗಿ ಎಂಬತ್ತು ವರ್ಷಗಳು ಕಳೆದ ಮೇಲೂ, ಒಣ ಕಕ್ಕಸುಗಳ ಮಲವನ್ನು ಮನುಷ್ಯರೇ ಬಕೆಟ್ಟುಗಳಲ್ಲಿ ಹೊರುತ್ತಿದ್ದರು. ಗಣಿಯ ಬಾಯಿಗೆ ಯಂತ್ರ ತಂದವರಿಗೆ ಕಕ್ಕಸಿಗೆ ನೀರು ತರುವುದು ಅಸಾಧ್ಯವಾಗಿತ್ತೆಂದು ನಂಬುವುದು ಕಷ್ಟ. ಅಗ್ಗವಾಗಿ ಮನುಷ್ಯರು ಸಿಗುತ್ತಿದ್ದರೆಂಬುದೇ ನಿಜವಾದ ಕಾರಣ.

ಬೆಜವಾಡ ವಿಲ್ಸನ್ ಅವರು 1966ರಲ್ಲಿ ಈ ಪ್ರದೇಶದಲ್ಲಿ, ಇದೇ ಕೆಲಸಕ್ಕೆ ಕಟ್ಟುಬಿದ್ದ ಕುಟುಂಬವೊಂದರಲ್ಲಿ ಜನಿಸಿದರು. ಮನೆಯ ಹಿರಿಯರು ತಮ್ಮ ಕೆಲಸದ ಸ್ವರೂಪವನ್ನು ಮಗನಿಂದ ಬಹುಕಾಲ ಮರೆಮಾಚಿದ್ದರು. ತರುಣನಾದ ಮೇಲೆ ಅವರು ಆ ಕೆಲಸವನ್ನು ಕಣ್ಣಾರೆ ಕಂಡರು. ಮಲದ ಗುಂಡಿಗೆ ಜಾರಿಬಿದ್ದ ಬಕೆಟ್ಟನ್ನು ಎತ್ತಲು ಕೆಲಸಗಾರನೊಬ್ಬ ಬರಿಗೈ ಇಳಿಸಿದ ದೃಶ್ಯ ತಮ್ಮನ್ನು ಕುಸಿದು ಕೂರುವಂತೆ ಮಾಡಿತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಈ ಕೆಲಸ ಬಿಟ್ಟುಬಿಡಿ ಎಂದು ಅಂಗಲಾಚಿದ ಯುವಕನಿಗೆ ಅವರ ಜನರೇ ಕೊಟ್ಟ ಉತ್ತರ ಒಂದೇ: ಬಿಟ್ಟರೆ ಉಣ್ಣುವುದೇನು?

ಇಲ್ಲಿಂದಲೇ ಅವರ ಕಾರ್ಯ ಆರಂಭವಾಯಿತೆನ್ನಬೇಕು. ಪದ್ಧತಿಯ ಬೇರು ಆಡಳಿತದ ಔದಾಸೀನ್ಯದಲ್ಲಿ ಇದ್ದಂತೆಯೇ ಕೆಲಸಗಾರರ ಭಯದಲ್ಲಿಯೂ ಇದೆಯೆಂಬುದು ಅವರಿಗೆ ಮನವರಿಕೆಯಾಯಿತು. 1986ರಿಂದ ಅವರು ಗಣಿ ಸಂಸ್ಥೆಯ ಅಧಿಕಾರಿಗಳಿಗೂ ಸರ್ಕಾರದವರಿಗೂ ಪತ್ರ ಬರೆಯತೊಡಗಿದರು. ಉತ್ತರ ಬಾರದಿದ್ದಾಗ ಛಾಯಾಚಿತ್ರಗಳನ್ನು ತೆಗೆದು ಲೋಕದ ಮುಂದಿಟ್ಟರು. ಕಾಲಕ್ರಮದಲ್ಲಿ ಅಲ್ಲಿನ ಒಣ ಕಕ್ಕಸುಗಳು ನೀರಿನ ಕಕ್ಕಸುಗಳಾಗಿ ಮಾರ್ಪಟ್ಟವು.

1990ರ ದಶಕದ ಮಧ್ಯಭಾಗದಲ್ಲಿ ವಿಲ್ಸನ್ ಮತ್ತು ಅವರ ಸಂಗಡಿಗರು ‘ಸಫಾಯಿ ಕರ್ಮಚಾರಿ ಆಂದೋಲನ’ವನ್ನು ಕಟ್ಟಿದರು. ಅವರಿಗೆ ಮಾರ್ಗದರ್ಶಕರಾಗಿ ನಿಂತವರು ಎಸ್. ಆರ್. ಶಂಕರನ್ (1934–2010). ಆಂಧ್ರಪ್ರದೇಶದ ಹಿರಿಯ ಆಡಳಿತಾಧಿಕಾರಿಯಾಗಿದ್ದ ಅವರು ಜೀತವಿಮುಕ್ತಿಯ ಕಾರ್ಯದಲ್ಲಿ ಪ್ರಸಿದ್ಧರು. 1987ರಲ್ಲಿ ನಕ್ಸಲೀಯರಿಂದ ಅಪಹೃತರಾಗಿ ಬಿಡುಗಡೆಗೊಂಡ ಅವರೇ, ಮುಂದೆ ನಾಗರಿಕರ ಸಮಿತಿಯೊಂದನ್ನು ಮುನ್ನಡೆಸಿ ಸರ್ಕಾರಕ್ಕೂ ನಕ್ಸಲೀಯರಿಗೂ ನಡುವೆ ಮಾತುಕತೆಯ ದಾರಿ ತೆರೆಯಲು ವರ್ಷಗಟ್ಟಲೆ ಶ್ರಮಿಸಿದರು. ಪದ್ಮಭೂಷಣ ಪ್ರಶಸ್ತಿ ಒಲಿದು ಬಂದಾಗ ಅದನ್ನು ವಿನಯದಿಂದ ನಿರಾಕರಿಸಿದರು. ಎರಡೂ ಕಡೆಯವರ ನಂಬಿಕೆ ಗಳಿಸಬಲ್ಲ ಇಂಥ ನಿಃಸ್ಪೃಹರ ನೆರವು ಆಂದೋಲನಕ್ಕೆ ದೊರೆತುದು ಅದರ ಭಾಗ್ಯವೇ ಸರಿ.

ಕಾಯಿದೆ ಮತ್ತು ಅದರ ಮಿತಿ

1993ರಲ್ಲಿ ಸಂಸತ್ತು ಮಲ ಹೊರುವವರ ನೇಮಕ ಹಾಗೂ ಒಣ ಕಕ್ಕಸುಗಳ ನಿರ್ಮಾಣವನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಈ ಬಗ್ಗೆ ನಿರ್ಣಯ ಮಾಡಿ ಕಾಯಿದೆಗೆ ದಾರಿ ಮಾಡಿಕೊಟ್ಟ 6 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಅದು ಜಾರಿಗೆ ಬಂದದ್ದು 1997ರ ಜನವರಿ 26ರಂದು. ಸ್ವತಃ ಕಾರ್ಮಿಕನೇ ನ್ಯಾಯಾಲಯದ ಮೆಟ್ಟಿಲೇರುವಂತಿರಲಿಲ್ಲ; ಮೊಕದ್ದಮೆಗೆ ಅಧಿಕಾರಿಯ ಅನುಮತಿ ಬೇಕಾಗಿತ್ತು. ಎಷ್ಟೋ ಕಡೆ ತಪ್ಪು ಮಾಡುತ್ತಿದ್ದುದು ಸರ್ಕಾರಿ ಇಲಾಖೆಗಳೇ ಆಗಿದ್ದುದರಿಂದ ಈ ಅನುಮತಿ ಮರೀಚಿಕೆಯಾಯಿತು.

2003ರಲ್ಲಿ ಆಂದೋಲನವು ಇತರರೊಡಗೂಡಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ತಮ್ಮಲ್ಲಿ ಈ ಪದ್ಧತಿಯೇ ಇಲ್ಲವೆಂದು ಅನೇಕ ರಾಜ್ಯಗಳು ಪ್ರಮಾಣಪತ್ರ ಸಲ್ಲಿಸಿದವು. ಆಗ ಕಾರ್ಯಕರ್ತರು ಊರೂರು ಸುತ್ತಿ, ಕಕ್ಕಸುಗಳ ಛಾಯಾಚಿತ್ರಗಳನ್ನೂ ದುಡಿಯುವವರ ಹೇಳಿಕೆಗಳನ್ನೂ ಸಂಗ್ರಹಿಸಿ ನ್ಯಾಯಾಲಯದ ಮುಂದಿರಿಸಿದರು. 2011ರ ಜನಗಣತಿ ಕೂಡ ಮನುಷ್ಯರು ಮಲ ತೆಗೆಯುವ ಕಕ್ಕಸುಗಳನ್ನು ಅವಲಂಬಿಸಿದ ಸುಮಾರು 7.94 ಲಕ್ಷ ಮನೆಗಳನ್ನು ಗುರುತಿಸಿತು.

ಇದರ ಫಲವಾಗಿ 2013ರ ಹೊಸ ಕಾಯಿದೆ ಬಂತು. ಅದೇ ವರ್ಷದ ಡಿಸೆಂಬರ್ 6ರಂದು, ಅಂಬೇಡ್ಕರರ ಪರಿನಿರ್ವಾಣ ದಿನದಂದು, ಜಾರಿಯಾಯಿತು. ಹಳೆಯ ಕಾಯಿದೆ ಮುಖ್ಯವಾಗಿ ಒಣ ಕಕ್ಕಸುಗಳ ಕಡೆ ನೋಡಿದರೆ, ಹೊಸದು ತೆರೆದ ಚರಂಡಿ, ಗುಂಡಿ, ರೈಲು ಹಳಿಗಳನ್ನೂ ಒಳಗೊಂಡಿತು. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಮನುಷ್ಯರನ್ನು ಇಳಿಸಿದರೆ ಮೊದಲ ಬಾರಿಯೇ 2 ವರ್ಷಗಳವರೆಗೆ ಸೆರೆವಾಸ, ಇಲ್ಲವೆ 2 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶವಾಯಿತು. ಪುನರ್ವಸತಿ ಸರ್ಕಾರದ ಕರ್ತವ್ಯವಾಯಿತು. 2014ರ ಮಾರ್ಚ್ 27ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು 1993ರಿಂದೀಚೆಗೆ ಇಂಥ ಗುಂಡಿಗಳಲ್ಲಿ ಮೃತರಾದ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಆದೇಶಿಸಿತು. 2023ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯ ಒಳಚರಂಡಿ ಸಾವುಗಳ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ 6 ಮಹಾನಗರಗಳಲ್ಲಿ ಕೈಯಿಂದ ಒಳಚರಂಡಿ ಶುಚಿಗೊಳಿಸುವುದನ್ನು ನಿಲ್ಲಿಸಲು ನಿರ್ದೇಶನ ನೀಡಿತು. ಒಂದೇ ವಿಷಯದಲ್ಲಿ ಇಷ್ಟು ಸಲ ಆದೇಶ ನೀಡಬೇಕಾಗಿ ಬಂದುದರಿಂದಲೇ ಆಚರಣೆ ಎಷ್ಟು ಹಿಂದುಳಿದಿದೆಯೆಂಬುದು ವ್ಯಕ್ತವಾಗುತ್ತದೆ.

ಅಂಕಿಗಳೂ ಇದನ್ನೇ ಸೂಚಿಸುತ್ತವೆ. ಸರ್ಕಾರದ ಸಮೀಕ್ಷೆಗಳು ಮಲ ಹೊರುವವರೆಂದು ಗುರುತಿಸಿದವರ ಸಂಖ್ಯೆ 58,098. ಜಾತಿಯ ವಿವರ ದೊರೆತ 43,797 ಜನರಲ್ಲಿ 42,594 ಮಂದಿ ಪರಿಶಿಷ್ಟ ಜಾತಿಗಳಿಗೆ ಸೇರಿದವರು. ಅಂದರೆ ನೂರಕ್ಕೆ ತೊಂಬತ್ತೇಳು ಜನ. ಈ ಕೆಲಸ ಜಾತಿಯಿಂದ ಬಂದುದಲ್ಲವೆಂದು ವಾದಿಸುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ. 2016ರಲ್ಲಿ ವಿಲ್ಸನ್ ಅವರಿಗೆ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ನೀಡಿದ ಸಂಸ್ಥೆಯಾದರೋ ದೇಶದಲ್ಲಿ ಅಂದಾಜು 6 ಲಕ್ಷ ಜನ ಈ ಕೆಲಸದಲ್ಲಿದ್ದರೆಂದೂ ಅವರಲ್ಲಿ ಸುಮಾರು 3 ಲಕ್ಷ ಜನರನ್ನು ಆಂದೋಲನ ಬಿಡಿಸಿತೆಂದೂ ಹೇಳಿತು. ಎರಡು ಲೆಕ್ಕಗಳ ನಡುವಿನ ಈ ಅಂತರ ಸಣ್ಣದಲ್ಲ. ಎಣಿಕೆಗೆ ಸಿಗದವನಿಗೆ ಪುನರ್ವಸತಿಯೂ ಸಿಗದು.

ವಿಶ್ವಾಸವೆಂಬ ಬಂಡವಾಳ

ಕಾಯಿದೆ ಬಾಗಿಲು ತೆರೆಯಬಲ್ಲುದು. ಆಚೆ ಹೆಜ್ಜೆಯಿಡುವವರಿಗೆ ಧೈರ್ಯ ಬೇಕು. ಬುಟ್ಟಿ ಬಿಟ್ಟ ಮರುದಿನ ಒಲೆ ಉರಿಯುವುದೆಂಬ ನಂಬಿಕೆ ಇಲ್ಲದೆ ಯಾವ ತಾಯಿಯೂ ಅದನ್ನು ಬಿಡಳು. ಆಂದೋಲನದ ಕಾರ್ಯಕರ್ತರು ಬಹುಮಟ್ಟಿಗೆ ಅದೇ ಸಮುದಾಯಗಳಿಂದ ಬಂದವರು. ಅವರು ಉಪದೇಶದಿಂದ ಆರಂಭಿಸದೆ ಮನೆಮನೆಗೆ ಹೋಗಿ ಕುಳಿತು ಮಾತನಾಡಿದರು. ನಾಚಿಕೆಪಡಬೇಕಾದುದು ಕೆಲಸ ಮಾಡಿಸಿಕೊಂಡ ಸಮಾಜವೇ ಹೊರತು ಮಾಡಿದವರಲ್ಲ ಎಂಬುದನ್ನು ಮನಗಾಣಿಸಿದರು. ಹೀಗೆ ಧೈರ್ಯ ತಾಳಿದ ಸ್ತ್ರೀಯರು ಹಲವು ಊರುಗಳಲ್ಲಿ ತಮ್ಮ ಬುಟ್ಟಿಗಳನ್ನು ಬಹಿರಂಗವಾಗಿ ಸುಟ್ಟರು, ಒಣ ಕಕ್ಕಸುಗಳನ್ನು ಕೆಡವಿದರು. 2015ರ ಡಿಸೆಂಬರ್‌ನಲ್ಲಿ ಅಸ್ಸಾಮಿನ ದಿಬ್ರುಗಢದಿಂದ ಹೊರಟ ಭೀಮಯಾತ್ರೆ 125 ದಿನಗಳ ಕಾಲ ದೇಶವನ್ನು ಸುತ್ತಿ, 2016ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ಜಯಂತಿಯ ಮುನ್ನಾದಿನ ದೆಹಲಿಯನ್ನು ಮುಟ್ಟಿತು. ಗುಂಡಿಗಳಲ್ಲಿ ಗಂಡಂದಿರನ್ನೂ ಮಕ್ಕಳನ್ನೂ ಕಳೆದುಕೊಂಡವರು ಅದರಲ್ಲಿ ಮಾತನಾಡಿದರು. ‘ನಮ್ಮನ್ನು ಕೊಲ್ಲಬೇಡಿ’ ಎಂಬುದೇ ಅವರ ಬೇಡಿಕೆಯಾಗಿತ್ತು.

ವಿಶ್ವಾಸ ಮುರಿದಾಗ ಏನಾಗುವುದೆಂಬುದಕ್ಕೂ ಕರ್ನಾಟಕದಲ್ಲಿಯೇ ನಿದರ್ಶನವಿದೆ. 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆಮಾರುಗಳಿಂದ ಊರಿನ ಮಲ ಹೊತ್ತ ಭಂಗಿ ಸಮುದಾಯದವರು ತಾವು ನೆಲೆಸಿದ್ದ ಜಾಗದಿಂದ ಎತ್ತಂಗಡಿಯಾಗುವ ಭೀತಿಯಲ್ಲಿ, ಸಾರ್ವಜನಿಕರ ಎದುರಿನಲ್ಲೇ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಮನವಿಗಳನ್ನು ಯಾರೂ ಕೇಳಲಿಲ್ಲವಾದ್ದರಿಂದ ಊರು ಮುಖ ತಿರುಗಿಸಲಾಗದ ಭಾಷೆಯಲ್ಲಿ ಅವರು ಮಾತನಾಡಬೇಕಾಯಿತು. ಶರಣರ ನಾಡಿನಲ್ಲಿ ನಡೆದ ಈ ಘಟನೆ ಆತ್ಮಪರೀಕ್ಷೆಗೆ ಪ್ರೇರಣೆಯಾಗಬೇಕು.

ವಿದ್ಯಾಸಂಸ್ಥೆಗಳ ಹೊಣೆ

ಮಠಗಳ ವಿದ್ಯಾಸಂಸ್ಥೆಗಳು ಅನ್ನ, ಅಕ್ಷರ, ಆಶ್ರಯಗಳ ದಾಸೋಹದಿಂದ ಬೆಳೆದವು. ದಾನಿಗಳ ಔದಾರ್ಯದಿಂದ ಪ್ರಸಾದ ನಿಲಯಗಳು ಮೇಲೆದ್ದಿವೆ. ಕಟ್ಟಡದ ಮುಂದಿನ ಫಲಕದಲ್ಲಿ ದಾನಿಯ ಹೆಸರು ಮೂಡುತ್ತದೆ. ಅದೇ ಕಟ್ಟಡದ ಹಿಂದೆ, ನೂರಾರು ಮಕ್ಕಳು ಬಳಸುವ ಕಕ್ಕಸುಗಳ ಮಲಗುಂಡಿಯೂ ಇರುತ್ತದೆ. ಅದು ತುಂಬಿದಾಗ ಯಾರನ್ನು ಕರೆಯಲಾಗುತ್ತದೆ, ಹೇಗೆ ಶುಚಿಗೊಳಿಸಲಾಗುತ್ತದೆ ಎಂಬ ಪ್ರಶ್ನೆಯನ್ನು ಆಡಳಿತ ಮಂಡಲಿಗಳು ಕೇಳಿಕೊಳ್ಳಬೇಕು.

ಇಲ್ಲಿ ವಿಜ್ಞಾನದ ಪಾಠವೂ ಪ್ರಸ್ತುತ. ಮುಚ್ಚಿದ ಮಲಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಅನಿಲಗಳು ಸಂಚಯವಾಗುತ್ತವೆ. ಮೊದಲನೆಯದು ಗಾಳಿಗಿಂತ ಭಾರವಾಗಿ ತಳದಲ್ಲಿ ನಿಲ್ಲುತ್ತದೆ. ಅದರ ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ಕುಂದಿ ವಾಸನೆ ತಿಳಿಯದಾಗುತ್ತದೆ. ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಬಿದ್ದವನನ್ನು ಎತ್ತಲು ಇಳಿದವನೂ ಮರಳುವುದಿಲ್ಲ. ಮೀಥೇನ್ ಉರಿಯುವ ಅನಿಲವಾದ್ದರಿಂದ ಬೆಂಕಿಕಡ್ಡಿ ಗೀರಿ ಗುಂಡಿಯನ್ನು ಪರೀಕ್ಷಿಸುವುದು ಮತ್ತಷ್ಟು ಅಪಾಯಕರ. ಸ್ಥಳೀಯ ಸಂಸ್ಥೆಯ ಹೀರುಯಂತ್ರದ ವಾಹನವನ್ನು ಕರೆಸುವುದೇ ತಕ್ಕ ಮಾರ್ಗ. ಹೊಸ ಕಟ್ಟಡ ನಿರ್ಮಿಸುವಾಗ ಆ ವಾಹನ ಗುಂಡಿಯವರೆಗೆ ಬರಲು ದಾರಿ ಬಿಡುವುದೂ ನಕ್ಷೆಯ ಭಾಗವಾಗಬೇಕು. ದೇಣಿಗೆಯಲ್ಲಿ ಒಂದು ಪಾಲು ಈ ಕಾಣದ ವೆಚ್ಚಕ್ಕೆ ಮೀಸಲಾದರೆ ಅದೂ ದಾಸೋಹವೇ.

ಅಧ್ಯಾಪಕರ ಹೊಣೆ ಇನ್ನೂ ಸೂಕ್ಷ್ಮವಾದುದು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳನ್ನೇ ಮಲಗುಂಡಿಗೆ ಇಳಿಸಿದ ಪ್ರಕರಣ ಇಡೀ ನಾಡನ್ನು ತಲ್ಲಣಗೊಳಿಸಿತು. ಶ್ರಮಗೌರವವನ್ನು ಕಲಿಸಲು ಮಕ್ಕಳಿಂದ ಆವರಣ ಗುಡಿಸುವುದಾದರೆ ಸರದಿ ಎಲ್ಲರಿಗೂ ಬರಬೇಕು. ಗುರುಗಳಿಗೂ ಬಂದರೆ ಪಾಠ ಇನ್ನೂ ಚೆನ್ನಾಗಿ ನಾಟುತ್ತದೆ. ಗೊತ್ತಾದ ಕೆಲವೇ ಮಕ್ಕಳ ಕೈಗೆ ಪೊರಕೆ ಹೋಗುತ್ತಿದ್ದರೆ ಅಲ್ಲಿ ಕಲಿಸುತ್ತಿರುವುದು ಕಾಯಕವನ್ನಲ್ಲ, ಜಾತಿಯನ್ನು. ಆ ಸಮುದಾಯಗಳ ಮಕ್ಕಳಿಗೆ ಪ್ರಸಾದ ನಿಲಯದ ಬಾಗಿಲು ತೆರೆದು, ಅವರನ್ನು ಪದವಿಯವರೆಗೆ ಮುಟ್ಟಿಸುವುದು ವಿದ್ಯಾಸಂಸ್ಥೆಗಳು ಸಲ್ಲಿಸಬಹುದಾದ ಅತ್ಯಂತ ಖಚಿತವಾದ ಸೇವೆ.

ಉಪಸಂಹಾರ

ಕಾಯಕವನ್ನೂ ಕಟ್ಟುಬಿದ್ದ ದುಡಿಮೆಯನ್ನೂ ಬೇರ್ಪಡಿಸಿ ನೋಡುವ ವಿವೇಕವೇ ಈ ಅಧ್ಯಯನದಿಂದ ಹೊರಡುವ ಸಾರ. ತನಗೆ ಒಲ್ಲದ ಕೆಲಸವನ್ನು ಬಿಟ್ಟು ಬೇರೊಂದನ್ನು ಹಿಡಿಯುವ ಸ್ವಾತಂತ್ರ್ಯ ದುಡಿಯುವವನಿಗೆ ಇದ್ದಾಗ ಮಾತ್ರ ಅವನ ದುಡಿಮೆಯನ್ನು ಕಾಯಕವೆಂದು ಹೊಗಳಲು ಇತರರಿಗೆ ಅಧಿಕಾರ ಬರುತ್ತದೆ. ಆ ಸ್ವಾತಂತ್ರ್ಯವನ್ನು ಗಳಿಸಿಕೊಡಲು ಬಸವಲಿಂಗಪ್ಪನವರು ಅಧಿಕಾರವನ್ನು, ಶಂಕರನ್ ಅವರು ಅನುಭವವನ್ನು, ವಿಲ್ಸನ್ ಮತ್ತು ಅವರ ಸಂಗಡಿಗರಾದ ಸಾವಿರಾರು ಸ್ತ್ರೀಪುರುಷರು ತಮ್ಮ ಬದುಕನ್ನೇ ವಿನಿಯೋಗಿಸಿದರು. ಅವರ ಕಾರ್ಯ ಇನ್ನೂ ಮುಗಿದಿಲ್ಲ. ಶರಣರ ಹೆಸರಿನಲ್ಲಿ ನಡೆಯುವ ಶಾಲೆಯೊಂದು ತನ್ನ ಆವರಣದ ಮಲಗುಂಡಿಗೆ ಯಾರೂ ಇಳಿಯದಂತೆ ನೋಡಿಕೊಂಡರೆ, ಆ ಕಾರ್ಯದಲ್ಲಿ ಒಂದು ಸಣ್ಣ ಪಾಲನ್ನಾದರೂ ಹೊತ್ತಂತಾಗುತ್ತದೆ.